ಬಾವುಟ, ಡಾಲರು, ಸೂಪಿನ ಡಬ್ಬಿ: ಅಮೆರಿಕದ ಪಾಪ್ ಆರ್ಟ್ ಸ್ಕ್ರೀನ್ ಪ್ರಿಂಟ್ ಕೊಳ್ಳುವವರಿಗೆ

"ಆನ್‌ಲೈನಿನಲ್ಲಿ ವಾರ್ಹೋಲ್ ಅವರ ಮೆರಿಲಿನ್ 150 ಡಾಲರಿಗೆ ಇದೆ, ಸರ್ಟಿಫಿಕೇಟೂ ಕೊಡ್ತಾರಂತೆ, ತಗೊಳ್ಳಲಾ?" ನ್ಯೂಜೆರ್ಸಿಯಿಂದ, ಕ್ಯಾಲಿಫೋರ್ನಿಯಾದಿಂದ, ಈಚೆಗೆ ಬೆಂಗಳೂರಿನಿಂದಲೂ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಇದೇ. ವಾರ್ಹೋಲ್ ಅಂದರೆ ಪಾಪ್ ಆರ್ಟಿನ ಹೆಸರುವಾಸಿ ಅಮೆರಿಕನ್ ಕಲಾವಿದ ಆಂಡಿ ವಾರ್ಹೋಲ್, ಮೆರಿಲಿನ್ ಅಂದರೆ ಅವರು ಮಾಡಿದ ನಟಿ ಮೆರಿಲಿನ್ ಮನ್ರೋ ಚಿತ್ರ. ಗೋಡೆಗೆ ಚೆಂದ ಕಾಣಲಿ ಅಂತಾದರೆ ಧಾರಾಳವಾಗಿ ತಗೊಳ್ಳಿ. ಸಂಗ್ರಹ ಶುರು ಮಾಡಬೇಕು ಅಂತಿದ್ದರೆ ಸ್ವಲ್ಪ ತಡೀರಿ.

ಚಿತ್ರ ಎಲ್ಲರಿಗೂ ಸಿಗುತ್ತದೆ, ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ. ಸಂಗ್ರಹ ಮಾಡುವವರು ದುಡ್ಡು ಕೊಡುವುದು ಒಂದು ನಿರ್ದಿಷ್ಟ ಹಾಳೆಗೆ. ಅದನ್ನು ಯಾರು ಮಾಡಿಸಿದರು, ಯಾವ ವರ್ಷ, ಯಾವ ಕಾಗದದ ಮೇಲೆ, ಒಟ್ಟು ಎಷ್ಟು ಪ್ರತಿ ಅನ್ನುವ ಲೆಕ್ಕ ಇರಬೇಕು. ಆ ಲೆಕ್ಕ ಕೈಯಲ್ಲಿರುವ ಹಾಳೆಗೆ ತಾಳೆ ಆಗಬೇಕು. ಈ ಲೇಖನದಲ್ಲಿರುವುದೆಲ್ಲ ಆ ತಾಳೆ ನೋಡುವ ಕೆಲಸವೇ.

ಪಾಪ್ ಆರ್ಟ್, ಅಂದರೆ ಜಾಹೀರಾತು, ಸಿನಿಮಾ ತಾರೆ, ಅಂಗಡಿ ಸಾಮಾನನ್ನೇ ಕಲೆಯ ವಸ್ತು ಮಾಡಿಕೊಂಡ ಪಂಥ, ದೊಡ್ಡ ಕಡಲು. ಹಾಗಾಗಿ ಒಂದೇ ವಿಷಯಕ್ಕೆ ಅಂಟಿಕೊಳ್ಳೋಣ: ಅಮೆರಿಕ ತನ್ನನ್ನು ತಾನು ಹೇಗೆ ನೋಡಿಕೊಂಡಿದೆ ಅನ್ನುವುದನ್ನು ಹಿಡಿದಿಟ್ಟ ಪ್ರಿಂಟ್‌ಗಳು. ಬಾವುಟ, ಡಾಲರು, ಅಂಕಲ್ ಸ್ಯಾಮ್, ಕೌಬಾಯ್, ಲಿಬರ್ಟಿ ಪ್ರತಿಮೆ, ವಲಸೆಗಾರರು. ವಿಷಯ ಹೀಗೆ ಕಟ್ಟಿಕೊಂಡರೆ ಕಂಡಿದ್ದೆಲ್ಲ ಕೊಳ್ಳುವ ಚಟವೂ ಕಮ್ಮಿ ಆಗುತ್ತದೆ.

ಮೊದಲು ಕೈಯಲ್ಲಿರಬೇಕಾದ್ದು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಅಂದರೆ ಆಭರಣದ ಅಂಗಡಿಯವರು ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿ. ಒಂದು ಅಳತೆ ಟೇಪು. ಒಳ್ಳೆಯ ಟಾರ್ಚು. ಕಲಾವಿದರ ಪ್ರಿಂಟ್‌ಗಳ ಪೂರ್ಣ ಪಟ್ಟಿ ಇರುವ ಪುಸ್ತಕ. ದುಬಾರಿ, ಆದರೆ ಅಮೆರಿಕದ ದೊಡ್ಡ ಲೈಬ್ರರಿಗಳಲ್ಲಿ ಸಿಗುತ್ತದೆ. ಇನ್ನು ದುಡ್ಡು. ಪ್ರಿಂಟಿನ ಬೆಲೆಯ ಮೇಲೆ ಮೂರನೇ ಒಂದು ಭಾಗದಷ್ಟಾದರೂ ಜಾಸ್ತಿ ಇಟ್ಟುಕೊಳ್ಳಿ. ಯಾಕೆ ಅನ್ನುವುದು ಆರನೇ ಹಂತದಲ್ಲಿ ಬರುತ್ತದೆ.

ಹಂತ 1: ಸ್ಕ್ರೀನ್ ಪ್ರಿಂಟ್ ಯಾವುದು, ಯಾವುದಲ್ಲ ಅಂತ ಕಣ್ಣಿಗೆ ಗೊತ್ತಾಗಲಿ

ಮದುವೆ ಕಾರ್ಡಿಗೆ, ಟೀ ಶರ್ಟಿಗೆ ನಮ್ಮಲ್ಲಿ ಮಾಡುವ ಸ್ಕ್ರೀನ್ ಪ್ರಿಂಟಿಂಗೇ ಇದು. ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆ, ಬಣ್ಣ ಬೇಡದ ಕಡೆ ಅದನ್ನು ಮುಚ್ಚುವ ಪದರ, ಮೇಲೆ ಶಾಯಿ ಸುರಿದು ರಬ್ಬರ್ ಅಂಚಿನ ಸ್ಕ್ವೀಜಿಯಿಂದ ಎಳೆಯುವುದು. ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನ್. ಹಿಂದೆ ಜಾಲರಿ ರೇಷ್ಮೆಯದಾಗಿತ್ತು, ಅದಕ್ಕೇ ಹಳಬರು ಸಿಲ್ಕ್‌ಸ್ಕ್ರೀನ್ ಅನ್ನುತ್ತಾರೆ. ಕ್ಯಾಟಲಾಗಿನಲ್ಲಿ ಸೆರಿಗ್ರಾಫ್ ಅಂತ ಕಂಡರೆ ಗಾಬರಿ ಬೇಡ, ಅದೂ ಇದೇ.

ಲೂಪ್ ಹಿಡಿದು ನೋಡಿ. ಸ್ಕ್ರೀನ್ ಪ್ರಿಂಟಿನಲ್ಲಿ ಬಣ್ಣ ಕಾಗದದ ಮೇಲೆ ದಪ್ಪಗೆ, ಒಂದು ಪದರವಾಗಿ ಕೂತಿರುತ್ತದೆ. ಎರಡು ಬಣ್ಣ ಸೇರುವ ಕಡೆ ಒಂದು ಇನ್ನೊಂದರ ಮೇಲೆ ಹತ್ತಿರುವುದು ಕಾಣುತ್ತದೆ. ಆಫ್‌ಸೆಟ್ ಅಚ್ಚಿನಲ್ಲಾದರೆ ನೀಲಿ, ಗುಲಾಬಿ, ಹಳದಿ, ಕಪ್ಪಿನ ಸಣ್ಣ ಚುಕ್ಕಿಗಳು ಹೂವಿನ ಹಾಗೆ ಗುಂಪು ಕಟ್ಟಿರುತ್ತವೆ. ಇಂಕ್‌ಜೆಟ್ಟಿನಲ್ಲಿ ಶಾಯಿ ಎರಚಿದ ಹಾಗೆ ಕಾಣುತ್ತದೆ. ಅದನ್ನು ಜೀಕ್ಲೇ ಅನ್ನುವ ಚೆಂದದ ಹೆಸರಿನಲ್ಲಿ ಮಾರುತ್ತಾರೆ.

ಒಂದು ಎಚ್ಚರಿಕೆ: ಪತ್ರಿಕೆಯ ಫೋಟೋ ಇಟ್ಟುಕೊಂಡು ಮಾಡಿದ ಸ್ಕ್ರೀನ್ ಪ್ರಿಂಟಿನಲ್ಲೂ ಚುಕ್ಕಿಗಳಿರುತ್ತವೆ. ವಾರ್ಹೋಲ್ ಅವರದು ಹೆಚ್ಚಿನವು ಹಾಗೇ. ಆದರೆ ಅವು ಒಂದೇ ಬಣ್ಣದ ಚುಕ್ಕಿಗಳು. ನಾಲ್ಕು ಬಣ್ಣದ ಹೂವಿನ ಗುಂಪು ಕಂಡರೆ ಮಾತ್ರ ಅದು ಆಫ್‌ಸೆಟ್.

ಇದು ಗೊತ್ತಿಲ್ಲದೆ ಜನ ಎಡವುವ ಮುಖ್ಯ ಜಾಗ ಜಾಸ್ಪರ್ ಜಾನ್ಸ್ ಅವರ 1969ರ ಹಸಿರು, ಕಪ್ಪು, ಕಿತ್ತಳೆ ಬಣ್ಣದ ಬಾವುಟ. ವಿಯೆಟ್ನಾಂ ಯುದ್ಧ ವಿರೋಧಿಸಿ ಮಾಡಿದ ಪೋಸ್ಟರ್ ಅದು. ಅದನ್ನು ಸ್ಕ್ರೀನ್ ಪ್ರಿಂಟ್ ಅಂತ ಮಾರುವವರು ಇದ್ದಾರೆ, ಆದರೆ ಅದು ಆಫ್‌ಸೆಟ್ ಲಿಥೋಗ್ರಾಫ್. ಸಹಿ ಮಾಡಿ ನಂಬರ್ ಹಾಕಿದ್ದು 300 ಪ್ರತಿ. ಸಹಿಯಿಲ್ಲದ್ದು ಬೇಕಾದಷ್ಟು ಓಡಾಡುತ್ತಿವೆ. ಸಹಿಯಿಲ್ಲದ್ದೂ ಒಳ್ಳೆಯ ವಸ್ತುವೇ, ಪೋಸ್ಟರಿನ ಬೆಲೆಗೆ ಸಿಕ್ಕರೆ.

ಹಂತ 2: ಯಾರದು, ಯಾವುದು ಅಂತ ಗೆರೆ ಎಳೆದುಕೊಳ್ಳಿ

ಎಲ್ಲರೂ ವಾರ್ಹೋಲ್‌ನಿಂದಲೇ ಶುರು ಮಾಡುತ್ತಾರೆ. ಸರಿ, ನಾವೂ ಮಾಡೋಣ. ಅವರು ಸ್ಕ್ರೀನ್ ಪ್ರಿಂಟಿಂಗಿಗೆ ಕೈ ಹಾಕಿದ್ದು 1962ರಲ್ಲಿ, ಮೊದಮೊದಲು ಮಾಡಿದ್ದರಲ್ಲಿ ಡಾಲರ್ ನೋಟುಗಳೂ ಇದ್ದವು. ಕಾಗದದ ಮೇಲಿನ ಪ್ರಸಿದ್ಧ ಸೆಟ್‌ಗಳು ಆಮೇಲೆ ಬಂದವು: 1967ರ ಮೆರಿಲಿನ್, 1968ರ ಕ್ಯಾಂಪ್‌ಬೆಲ್ ಸೂಪ್. ಎರಡರಲ್ಲೂ ಹತ್ತು ಹತ್ತು ಚಿತ್ರ, ಒಂದೊಂದಕ್ಕೂ 250ರ ಎಡಿಷನ್. ಎಡಿಷನ್ ಅಂದರೆ ಇಷ್ಟೇ ಪ್ರತಿ, ಇದಕ್ಕಿಂತ ಹೆಚ್ಚಿಲ್ಲ ಅಂತ ಮೊದಲೇ ಗೊತ್ತುಮಾಡಿದ ಸಂಖ್ಯೆ. ಇವೆರಡೂ ಸಾಮಾನ್ಯ ಸಂಬಳದವರ ಕೈಗೆ ಎಟುಕುವುದಿಲ್ಲ.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರದವು ಬೇರೆ ಇವೆ. 1968ರ 'ಫ್ಲ್ಯಾಶ್' ಸೆಟ್ ಕೆನಡಿ ಹತ್ಯೆ ಬಗ್ಗೆ. 1972ರ 'ವೋಟ್ ಮೆಕ್‌ಗವರ್ನ್' ನೋಡಿ: ನಿಕ್ಸನ್ ಎದುರಾಳಿ ಮೆಕ್‌ಗವರ್ನ್‌ಗೆ ಮತ ಹಾಕಿ ಅಂತ ಬರೆದು, ಮೇಲೆ ನಿಕ್ಸನ್ ಮುಖವನ್ನು ಹಸಿರು ಬಣ್ಣದಲ್ಲಿ ಹಾಕಿದ್ದಾರೆ. ಚುನಾವಣೆ ಗೆದ್ದದ್ದು ನಿಕ್ಸನ್ನೇ ಬಿಡಿ. 1981ರ 'ಮಿಥ್ಸ್' ಸೆಟ್ಟಿನಲ್ಲಿ ಅಂಕಲ್ ಸ್ಯಾಮ್, ಸೂಪರ್‌ಮ್ಯಾನ್, ಮಿಕ್ಕಿ ಮೌಸ್, ಹಳೇ ಸಿನಿಮಾಗಳ ಕಪ್ಪು ಆಯಾ ಮ್ಯಾಮಿ ಎಲ್ಲ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಅದರದು 200ರ ಎಡಿಷನ್. 1986ರ 'ಕೌಬಾಯ್ಸ್ ಅಂಡ್ ಇಂಡಿಯನ್ಸ್' ಹತ್ತು ಚಿತ್ರಗಳದ್ದು, 250ರ ಎಡಿಷನ್. ಸಿನಿಮಾ ಕೌಬಾಯ್ ಜಾನ್ ವೇನ್ ಪಕ್ಕದಲ್ಲೇ ನಿಜವಾದ ಅಪಾಚೆ ನಾಯಕ ಜೆರೊನಿಮೊ ಇದ್ದಾನೆ. ಎಲ್ಲರೂ ಜಾನ್ ವೇನ್ ಹಿಂದೆ ಬೀಳುತ್ತಾರೆ. ನನ್ನನ್ನು ಕೇಳಿದರೆ ಆ ಸೆಟ್ಟಿನ ಚೂಪಾದ ಚಿತ್ರ 'ಇಂಡಿಯನ್ ಹೆಡ್ ನಿಕ್ಕಲ್'. ಯಾರ ನೆಲ ಕಿತ್ತುಕೊಂಡರೋ ಅವರದೇ ಮುಖವನ್ನು ಐದು ಸೆಂಟಿನ ನಾಣ್ಯದ ಮೇಲೆ ಅಚ್ಚು ಹಾಕಿದ ಸರ್ಕಾರ ಅದು. ವಾರ್ಹೋಲ್ ಏನೂ ಟೀಕೆ ಮಾಡಲಿಲ್ಲ, ನಾಣ್ಯವನ್ನು ದೊಡ್ಡದು ಮಾಡಿ ಇಟ್ಟರು ಅಷ್ಟೆ.

ಜಾಸ್ಪರ್ ಜಾನ್ಸ್ ಅವರ 1973ರ 'ಫ್ಲ್ಯಾಗ್ಸ್ 1' ಸ್ಕ್ರೀನ್ ಪ್ರಿಂಟಿಂಗಿನ ಕಸುಬನ್ನೇ ತೋರಿಸುವ ಪ್ರಿಂಟ್. ಪಕ್ಕಪಕ್ಕದಲ್ಲಿ ಎರಡು ಬಾವುಟ, ಒಂದು ಮಂಕು, ಒಂದು ಹೊಳಪು. 31 ಸ್ಕ್ರೀನ್ ಬಳಸಿದ್ದಾರೆ. ಇರುವುದು 65 ಪ್ರತಿ. ಕೊಳ್ಳುವುದು ಕನಸಿನ ಮಾತು, ಆದರೆ ಮ್ಯೂಸಿಯಮ್ಮಿನಲ್ಲಿ ಸಿಕ್ಕರೆ ಬಿಡದೆ ನೋಡಿ. ರಾಯ್ ಲಿಚ್ಟೆನ್‌ಸ್ಟೈನ್ ಅವರ 1982ರ 'ಐ ಲವ್ ಲಿಬರ್ಟಿ', 1985ರ ಬಾವುಟ 'ಫಾರ್ಮ್ಸ್ ಇನ್ ಸ್ಪೇಸ್' ಕೂಡ ಸ್ಕ್ರೀನ್ ಪ್ರಿಂಟ್‌ಗಳೇ. ಮೊದಲನೆಯದು 250 ಪ್ರತಿ, ಎರಡನೆಯದು 125.

ಈಗ ಹೊಸಬರಿಗೆ ನಾನು ನಿಜವಾಗಿ ಹೇಳುವ ಹೆಸರು: ಕೊರಿಟಾ ಕೆಂಟ್. ಲಾಸ್ ಏಂಜಲೀಸಿನಲ್ಲಿ ಕ್ಯಾಥೊಲಿಕ್ ಸನ್ಯಾಸಿನಿಯಾಗಿದ್ದರು, ಕಾಲೇಜಿನಲ್ಲಿ ಕಲೆ ಕಲಿಸುತ್ತಿದ್ದರು, 1968ರಲ್ಲಿ ಮಠ ಬಿಟ್ಟರು. ಬದುಕಿಡೀ ಮಾಡಿದ್ದು ಸ್ಕ್ರೀನ್ ಪ್ರಿಂಟ್. 1969ರ 'ಅಮೆರಿಕನ್ ಸ್ಯಾಂಪ್ಲರ್' ಬಾವುಟದ ಕೆಂಪು, ಬಿಳಿ, ನೀಲಿಯಲ್ಲಿ ಬರೀ ಅಕ್ಷರ. 'ಅಮೆರಿಕನ್', 'ಅಸ್ಯಾಸಿನೇಷನ್', 'ವಿಯೆಟ್ನಾಂ' ಅನ್ನುವ ಪದಗಳೊಳಗೆ ಬೇರೆ ಬಣ್ಣದಿಂದ ಬೇರೆ ಪದಗಳನ್ನು ಎತ್ತಿ ತೋರಿಸುತ್ತಾರೆ. ದೇಶ ಅಂದರೇನು ಅನ್ನುವ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿದ ಪಾಪ್ ಪ್ರಿಂಟ್ ಕಡಿಮೆ. ಬೆಲೆ ವಾರ್ಹೋಲ್ ಹತ್ತಿರಕ್ಕೂ ಬರುವುದಿಲ್ಲ, ಯಾಕೆಂದರೆ ಅವರು ಬೇಕೆಂದೇ ಅಗ್ಗವಾಗಿ, ತುಂಬ ಜನಕ್ಕೆ ಸಿಗಲಿ ಅಂತ ಮಾಡಿದರು.

ಅಲ್ಲಿಂದ ಒಂದು ದಾರಿ ಪೂರ್ವ ಲಾಸ್ ಏಂಜಲೀಸಿಗೆ ಹೋಗುತ್ತದೆ. ಕೊರಿಟಾ ಅವರ ಶಿಷ್ಯೆ ಸಿಸ್ಟರ್ ಕರೆನ್ ಬೊಕ್ಕಲೆರೊ ಅಲ್ಲಿ 'ಸೆಲ್ಫ್ ಹೆಲ್ಪ್ ಗ್ರಾಫಿಕ್ಸ್' ಕಟ್ಟಿದವರಲ್ಲಿ ಮುಖ್ಯರು. ಮೆಕ್ಸಿಕನ್ ಮೂಲದ ಅಮೆರಿಕನ್ನರು, ಅಂದರೆ ಚಿಕಾನೊ ಕಲಾವಿದರು ಮಾಡಿದ ಸ್ಕ್ರೀನ್ ಪ್ರಿಂಟ್‌ಗಳ ದೊಡ್ಡ ಮನೆ ಅದು. ಕ್ಯಾಲಿಫೋರ್ನಿಯಾದವರೇ ಆದ ಎಸ್ಟರ್ ಹೆರ್ನಾಂಡೆಜ್ ಅವರ 1982ರ 'ಸನ್ ಮ್ಯಾಡ್' ಕೂಡ ಇದೇ ಚಿಕಾನೊ ಪರಂಪರೆಯದು. ಸನ್ ಮೇಡ್ ಒಣದ್ರಾಕ್ಷಿ ಡಬ್ಬಿಯ ಮೇಲಿನ ಹುಡುಗಿ ಗೊತ್ತಲ್ವಾ? ಅವಳನ್ನು ಅಸ್ಥಿಪಂಜರ ಮಾಡಿದ್ದಾರೆ. ದ್ರಾಕ್ಷಿ ತೋಟದ ಕೂಲಿಗಳು, ಕೀಟನಾಶಕ, ಎಲ್ಲ ಆ ಒಂದು ಡಬ್ಬಿಯಲ್ಲಿದೆ. ಅಮೆರಿಕಕ್ಕೆ ಹೋಗಿ ನೆಲೆಸಿದ ಕನ್ನಡಿಗರಿಗೆ ಜಾನ್ ವೇನ್‌ಗಿಂತ ಇದು ಹೆಚ್ಚು ಒಗ್ಗಬಹುದು.

ಇಂದಿನವರಲ್ಲಿ ಶೆಪರ್ಡ್ ಫೇರಿ. 2008ರ ಒಬಾಮ 'ಹೋಪ್' ಚಿತ್ರ ಅವರದೇ. ಈಗಲೂ ತಮ್ಮ ವೆಬ್‌ಸೈಟಿನಲ್ಲಿ ಸಹಿ, ನಂಬರ್ ಇರುವ 18 ಗುಣಿಸು 24 ಇಂಚಿನ ಸ್ಕ್ರೀನ್ ಪ್ರಿಂಟ್ ಬಿಡುಗಡೆ ಮಾಡುತ್ತಾರೆ. ಬೇಗ ಖಾಲಿಯಾಗುತ್ತವೆ. ನೆನಪಿಡಿ: 'ಹೋಪ್' ಚಿತ್ರವನ್ನು ಪ್ರಚಾರಕ್ಕಾಗಿ ಆಫ್‌ಸೆಟ್ಟಿನಲ್ಲೂ ರಾಶಿ ರಾಶಿ ಅಚ್ಚು ಹಾಕಿದರು.

ಹಂತ 3: ಹಾಳೆಯ ಮೇಲಿನ ಬರಹ ಓದಲು ಕಲಿಯಿರಿ

45/250 ಅಂದರೆ 250ರ ಎಡಿಷನ್ನಿನಲ್ಲಿ 45ನೇ ನಂಬರಿನ ಹಾಳೆ. ಸಣ್ಣ ನಂಬರ್ ಇದ್ದರೆ ಬೆಲೆ ಜಾಸ್ತಿ ಅನ್ನುವುದು ಸ್ಕ್ರೀನ್ ಪ್ರಿಂಟಿಗೆ ಸಲ್ಲದ ಮಾತು. ಅಚ್ಚಾದ ಕ್ರಮದಲ್ಲೇ ನಂಬರ್ ಹಾಕಿರುತ್ತಾರೆ ಅಂತೇನೂ ಇಲ್ಲ, 1ನೇ ಹಾಳೆಗೂ 250ನೇ ಹಾಳೆಗೂ ಗುಣದಲ್ಲಿ ವ್ಯತ್ಯಾಸವೂ ಇಲ್ಲ.

ಎ.ಪಿ. ಅಂದರೆ ಕಲಾವಿದರು ತಮಗಾಗಿ ಇಟ್ಟುಕೊಂಡ ಪ್ರತಿ. ಪಿ.ಪಿ. ಅಚ್ಚು ಹಾಕಿದವರ ಪ್ರತಿ. ಎಚ್.ಸಿ. ಮಾರಾಟಕ್ಕಲ್ಲದ ಪ್ರತಿ. ಟಿ.ಪಿ. ಬಣ್ಣ ಪರೀಕ್ಷೆಗೆ ತೆಗೆದದ್ದು. ವಾರ್ಹೋಲ್ ಅವರ ಟಿ.ಪಿ.ಗಳು ಬಣ್ಣದಲ್ಲಿ ಒಂದೊಂದೂ ಬೇರೆ ಇರುವುದರಿಂದ ಅವಕ್ಕೆ ಬೇಡಿಕೆ ಹೆಚ್ಚು. ಇವೆಲ್ಲ 250ರ ಲೆಕ್ಕದಿಂದ ಹೊರಗೆ. ಹಾಗಾಗಿ "ಲೋಕದಲ್ಲಿ 250 ಮಾತ್ರ" ಅಂತ ಮಾರುವವರು ಹೇಳಿದರೆ ಒಂದಿಷ್ಟು ಕೂಡಿಸಿಕೊಳ್ಳಿ.

ನಂಬರ್ ಇಲ್ಲದ ಮಾತ್ರಕ್ಕೆ ನಕಲಿ ಅಂತಲೂ ಅಲ್ಲ. ಕೊರಿಟಾ ಅವರ ಎಷ್ಟೋ ಪ್ರಿಂಟ್‌ಗಳಲ್ಲಿ ಸಹಿ ಇದೆ, ನಂಬರ್ ಇಲ್ಲ. ಆ ಕಲಾವಿದರು ಆ ಕಾಲದಲ್ಲಿ ಏನು ಮಾಡುತ್ತಿದ್ದರು ಅನ್ನುವುದಷ್ಟೇ ಲೆಕ್ಕ.

ಹಂತ 4: ಪಟ್ಟಿ ತೆರೆದು ತಾಳೆ ನೋಡಿ

ಇಲ್ಲಿ ಆತುರ ಮಾಡಿದವರೇ ಕೈ ಸುಟ್ಟುಕೊಳ್ಳುವುದು. ಕ್ಯಾಟಲಾಗ್ ರೆಸೊನೆ ಅಂದರೆ ಒಬ್ಬ ಕಲಾವಿದರ ಅಷ್ಟೂ ಕೃತಿಗಳ ಅಳತೆ, ಕಾಗದ, ಎಡಿಷನ್, ಸಹಿಯ ಜಾಗ ಎಲ್ಲ ದಾಖಲಿಸಿದ ಪಟ್ಟಿ. ವಾರ್ಹೋಲ್ ಪ್ರಿಂಟ್‌ಗಳಿಗೆ ಫೆಲ್ಡ್‌ಮನ್ ಮತ್ತು ಶೆಲ್‌ಮನ್ ಅವರದು, 2003ರ ನಾಲ್ಕನೇ ಆವೃತ್ತಿ ನೋಡಿ. ಲಿಚ್ಟೆನ್‌ಸ್ಟೈನ್‌ಗೆ ಕಾರ್ಲೆಟ್ ಅವರದು. ಮಾರುವವರು ಫೆಲ್ಡ್‌ಮನ್ ನಂಬರ್, ಅಂದರೆ ಆ ಪಟ್ಟಿಯಲ್ಲಿ ಪ್ರಿಂಟಿಗೆ ಕೊಟ್ಟ ನಂಬರ್, ಕೊಡದಿದ್ದರೆ ಕೇಳಿ. ಏನದು ಅಂತ ಅವರೇ ತಿರುಗಿ ಕೇಳಿದರೆ ಮಾತು ಅಲ್ಲಿಗೆ ಮುಗಿಸಿ.

ತಾಳೆ ನೋಡಬೇಕಾದ್ದು ಇಷ್ಟು: ಹಾಳೆಯ ಅಳತೆ, ಕಾಗದದ ಬಗೆ, ಸಹಿ ಮುಂದಿದೆಯೋ ಹಿಂದಿದೆಯೋ, ಪೆನ್ಸಿಲ್ಲೋ ಬಾಲ್‌ಪೆನ್ನೋ, ನಂಬರ್ ಕೈಬರಹವೋ ರಬ್ಬರ್ ಸ್ಟ್ಯಾಂಪೋ, ಪ್ರಕಾಶಕರ ಮುದ್ರೆ. 1968ರ ಸೂಪ್ ಡಬ್ಬಿ ಹಾಳೆ 35 ಗುಣಿಸು 23 ಇಂಚು. ಹಿಂಬದಿಯಲ್ಲಿ ಬಾಲ್‌ಪೆನ್ ಸಹಿ, ರಬ್ಬರ್ ಸ್ಟ್ಯಾಂಪಿನ ನಂಬರ್. ಮುಂದೆ ಚೆಂದವಾಗಿ ಪೆನ್ಸಿಲ್ ಸಹಿ ಇರುವ ಸೂಪ್ ಡಬ್ಬಿ ಯಾರಾದರೂ ತೋರಿಸಿದರೆ ಖುಷಿಪಡಬೇಡಿ, ಅನುಮಾನಪಡಿ.

ಈಗ ಆ 150 ಡಾಲರಿನ ಮೆರಿಲಿನ್. ಅದು ಬಹುಪಾಲು 'ಸಂಡೇ ಬಿ ಮಾರ್ನಿಂಗ್' ಅನ್ನುವ ಹೆಸರಿನದಾಗಿರುತ್ತದೆ. 1970ರ ಹೊತ್ತಿಗೆ ಬೆಲ್ಜಿಯಂನ ಕೆಲವರ ಜತೆ ಸೇರಿ ವಾರ್ಹೋಲ್ ಹೊಸ ಅಚ್ಚಿನ ಯೋಚನೆ ಮಾಡಿದರು, ಆಮೇಲೆ ಸಂಬಂಧ ಕೆಟ್ಟಿತು, ಅವರು ಮಾತ್ರ ಅಚ್ಚು ಹಾಕಿದರು. ಹಿಂಬದಿಯಲ್ಲಿ 'ನಿಮ್ಮ ಸಹಿ ನೀವೇ ಹಾಕಿಕೊಳ್ಳಿ' ಅನ್ನುವ ಅರ್ಥದ ಇಂಗ್ಲಿಷ್ ಸ್ಟ್ಯಾಂಪ್ ಇರುತ್ತದೆ. ವಾರ್ಹೋಲ್ ತಮ್ಮ ಕೈಗೆ ಬಂದ ಕೆಲವು ಹಾಳೆಗಳ ಮೇಲೆ 'ಇದು ನನ್ನದಲ್ಲ' ಅಂತ ಬರೆದು ಸಹಿ ಹಾಕಿದ್ದೂ ಉಂಟು. ಮೊದಲಿನವು ಕಪ್ಪು ಸ್ಟ್ಯಾಂಪಿನವು, ಈಗ ಬರುತ್ತಿರುವವು ನೀಲಿ ಸ್ಟ್ಯಾಂಪಿನವು. ಹಾಗಾಗಿ ಇದು ಕಳ್ಳ ಮಾಲೇನೂ ಅಲ್ಲ. ಒಳ್ಳೆಯ ಅಲಂಕಾರ. ಆದರೆ 250ರ ಎಡಿಷನ್ನಿಗೂ ಇದಕ್ಕೂ ಸಂಬಂಧವಿಲ್ಲ, ಎಡಿಷನ್ ಮುಗಿದೂ ಇಲ್ಲ.

ತಿರುವುಮುರುವು ಕೇಸೂ ಇದೆ. 1987ರ 'ಮೂನ್‌ವಾಕ್' ಚಂದ್ರನ ಮೇಲೆ ಬಾವುಟ ನೆಟ್ಟ ಚಿತ್ರ, 160ರ ಎಡಿಷನ್. ಸಹಿ ಹಾಕುವ ಮೊದಲೇ, ಅದೇ ಫೆಬ್ರವರಿಯಲ್ಲಿ ವಾರ್ಹೋಲ್ ತೀರಿಕೊಂಡರು. ಆ ಎಡಿಷನ್ನಿನ ಹಾಳೆಗಳ ಹಿಂದೆ ಅವರ ಆಸ್ತಿ ನೋಡಿಕೊಂಡವರ ಸಹಿಯಿರುವ ಪ್ರಮಾಣದ ಮುದ್ರೆ ಇದೆ. ಅಲ್ಲಿ ವಾರ್ಹೋಲ್ ಸಹಿ ಇಲ್ಲದಿರುವುದೇ ಸರಿ.

"ಹಾಗಾದರೆ ಅಧಿಕೃತವಾಗಿ ಪರೀಕ್ಷೆ ಮಾಡಿಸಬಹುದಲ್ವಾ?" ಮಾಡಿಸಲಾಗದು. ವಾರ್ಹೋಲ್ ಕೃತಿ ಅಸಲಿಯೋ ಅಂತ ಹೇಳುತ್ತಿದ್ದ ಮಂಡಳಿ 1995ರಲ್ಲಿ ಶುರುವಾಗಿ 2012ರಲ್ಲಿ ಮುಚ್ಚಿತು. ಇದ್ದ ಕಾಲದಲ್ಲಿ ಒಪ್ಪದ ಕೃತಿಗಳ ಹಿಂದೆ 'ಡಿನೈಡ್' (ಒಪ್ಪಿಲ್ಲ) ಅಂತ ಶಾಯಿಯಲ್ಲಿ ಮುದ್ರೆ ಒತ್ತುತ್ತಿತ್ತು. ಹಿಂಬದಿಯಲ್ಲಿ ಆ ಪದ ಇದೆಯೇ, ಅಥವಾ ಅದನ್ನು ಮುಚ್ಚಲು ಏನಾದರೂ ಅಂಟಿಸಿದ್ದಾರೆಯೇ ನೋಡಿ. ಈಗ ಯಾರೋ ಕೊಡುವ ಹೊಸ ಸರ್ಟಿಫಿಕೇಟಿನ ಬೆಲೆ ಆ ಕಾಗದದ ಬೆಲೆ ಅಷ್ಟೆ. ಹಳೇ ಬಿಲ್ಲು, ಗ್ಯಾಲರಿಯ ಲೇಬಲ್, ಹಿಂದಿನ ಹರಾಜಿನ ದಾಖಲೆ, ಅಂದರೆ ಈ ಹಾಳೆ ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನುವ ಪ್ರಾವನೆನ್ಸ್ ಇದ್ದರೆ ಅದು ನೂರು ಪಾಲು ಮೇಲು.

ಹಂತ 5: ಫ್ರೇಮಿನಿಂದ ಹೊರಗೆ ತೆಗೆಸಿ ನೋಡಿ

ಫ್ರೇಮಿನೊಳಗೆ ಎಲ್ಲ ಪ್ರಿಂಟೂ ಹೊಸದಾಗಿಯೇ ಕಾಣುತ್ತದೆ. ಎದುರಿಗೆ ನೋಡಲಾಗದಿದ್ದರೆ ಹಾಳೆಯ ಮುಂದೆ, ಹಿಂದೆ, ನಾಲ್ಕೂ ಮೂಲೆ, ಮತ್ತೆ ಟಾರ್ಚನ್ನು ಪಕ್ಕದಿಂದ ಹಿಡಿದ ಫೋಟೋ ಕೇಳಿ. ಪಕ್ಕದ ಬೆಳಕಿನಲ್ಲಿ ಮಡಿಕೆ, ಗೀರು, ಅಲೆ ಎಲ್ಲ ಎದ್ದು ಕಾಣುತ್ತವೆ.

ಬಣ್ಣ ಮಾಸಿದೆಯಾ? ಫ್ರೇಮಿನಡಿ ಮುಚ್ಚಿದ್ದ ಅಂಚಿಗೂ ನಡುವಿಗೂ ಹೋಲಿಸಿ. ಕಂದು ಬಣ್ಣದ ಚೌಕದ ಗುರುತಿದ್ದರೆ ಅದು ಕೆಟ್ಟ ರಟ್ಟಿನ ಆಮ್ಲ ಕಾಗದಕ್ಕೆ ಇಳಿದದ್ದು. ಅಂಚು ಕತ್ತರಿಸಿದ್ದಾರಾ? ಮೆರಿಲಿನ್ ಹಾಳೆಯಲ್ಲಿ ಚಿತ್ರ ಅಂಚಿನವರೆಗೂ ಇರುವುದರಿಂದ ಅರ್ಧ ಇಂಚು ಹೋದರೂ ಕಣ್ಣಿಗೆ ಕಾಣದು, 36 ಗುಣಿಸು 36 ಇಂಚು ಇದೆಯೇ ಅಂತ ಟೇಪು ಹಿಡಿಯಲೇಬೇಕು. ಹಾಳೆಯನ್ನು ರಟ್ಟಿಗೆ ಪೂರ್ತಿ ಅಂಟಿಸಿದ್ದರೆ ಬಿಟ್ಟುಬಿಡಿ, ಎಷ್ಟೇ ಅಗ್ಗವಾದರೂ ಸರಿ.

ಹಂತ 6: ಕೊಳ್ಳುವ ಜಾಗ, ಪೂರ್ತಿ ಲೆಕ್ಕ

ಗ್ಯಾಲರಿಯಲ್ಲಿ ಬೆಲೆ ಜಾಸ್ತಿ, ನೆಮ್ಮದಿಯೂ ಜಾಸ್ತಿ. ಹರಾಜಿನಲ್ಲಿ ಕೂಗು ನಿಂತ ಬೆಲೆಯನ್ನು ಹ್ಯಾಮರ್ ಪ್ರೈಸ್ ಅನ್ನುತ್ತಾರೆ. ಅದರ ಮೇಲೆ ಹರಾಜಿನವರು ತೆಗೆದುಕೊಳ್ಳುವ ಬೈಯರ್ಸ್ ಪ್ರೀಮಿಯಂ ಇದೆ, ದೊಡ್ಡ ಸಂಸ್ಥೆಗಳಲ್ಲಿ ನೂರಕ್ಕೆ 25ರ ಆಸುಪಾಸು. 4,000 ಡಾಲರಿಗೆ ಕೂಗಿ ಗೆದ್ದರೆ ಕೈಯಿಂದ ಹೋಗುವುದು 5,000. ಅದರ ಮೇಲೆ ನಿಮ್ಮ ರಾಜ್ಯದ ಸೇಲ್ಸ್ ಟ್ಯಾಕ್ಸ್, ಸಾಗಾಟ, ವಿಮೆ. ಕೂಗುವ ಮುಂಚೆಯೇ ಈ ಎಲ್ಲ ಕೂಡಿಸಿ ನಿಮ್ಮ ಕೊನೆಯ ಕೂಗನ್ನು ಚೀಟಿಯಲ್ಲಿ ಬರೆದಿಡಿ. ಹರಾಜಿನ ಕಾವಿನಲ್ಲಿ ಚೀಟಿ ಮೀರುವವರೇ ಜಾಸ್ತಿ.

ಕಂಡಿಷನ್ ರಿಪೋರ್ಟ್, ಅಂದರೆ ಹಾಳೆಯ ಸ್ಥಿತಿಯ ವಿವರ, ಕೇಳಿದರೆ ಮಾತ್ರ ಕೊಡುವ ಕಡೆಗಳಿವೆ. ಕೇಳಿ, ಬರಹದಲ್ಲಿ ಪಡೆಯಿರಿ. ಅಮೆರಿಕದಲ್ಲಿ ತೆರಿಗೆ ಕಟ್ಟುವವರಿಗೆ ಇನ್ನೊಂದು ಮಾತು: ವರ್ಷ ಮೀರಿ ಇಟ್ಟುಕೊಂಡು ಲಾಭಕ್ಕೆ ಮಾರಿದರೆ ಕಲಾಕೃತಿಯ ಲಾಭಕ್ಕೆ ಶೇರಿನ ದರ ಅನ್ವಯಿಸುವುದಿಲ್ಲ, ನೂರಕ್ಕೆ 28ರವರೆಗೂ ಹೋಗಬಹುದು.

ಕೊಳ್ಳುವ ಮೊದಲು ಅಸಲಿಯನ್ನು ಕಣ್ಣಾರೆ ನೋಡಿದ ಅನುಭವ ಬೇಕು. ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗುವ ಕನ್ನಡಿಗರು ಒಂದು ಮಧ್ಯಾಹ್ನವನ್ನು ಅದೇ ಊರಿನ ಆಂಡಿ ವಾರ್ಹೋಲ್ ಮ್ಯೂಸಿಯಮ್ಮಿಗೆ ಇಟ್ಟುಕೊಳ್ಳಬಹುದು. ಲಾಸ್ ಏಂಜಲೀಸಿನವರಿಗೆ ಕೊರಿಟಾ ಆರ್ಟ್ ಸೆಂಟರ್ ಇದೆ.

ಹಂತ 7: ಭಾರತಕ್ಕೆ ತರುವುದಾದರೆ

ಕಸ್ಟಮ್ಸ್ ಪಟ್ಟಿಯಲ್ಲಿ ಮೂಲ ಪ್ರಿಂಟ್‌ಗಳಿಗೆ 9702 ಅನ್ನುವ ಶೀರ್ಷಿಕೆ ಇದೆ. ಆದರೆ ಅದರ ಟಿಪ್ಪಣಿ ಪೂರ್ತಿ ಕೈಯಿಂದ ಮಾಡಿದ ಅಚ್ಚಿನದನ್ನು ಮಾತ್ರ ಒಪ್ಪುತ್ತದೆ, ಯಂತ್ರದಿಂದ ಅಥವಾ ಫೋಟೋ ವಿಧಾನದಿಂದ ಮಾಡಿದ್ದನ್ನು ಬಿಡುತ್ತದೆ. ಫೋಟೋದಿಂದ ಸ್ಕ್ರೀನ್ ಮಾಡಿದ ಪಾಪ್ ಪ್ರಿಂಟ್ ಇಲ್ಲಿ ಸಿಕ್ಕಿಹಾಕಿಕೊಳ್ಳಬಹುದು. 4911, ಅಂದರೆ ಸಾಮಾನ್ಯ ಅಚ್ಚಿನ ಚಿತ್ರ ಅಂತ ಅಧಿಕಾರಿ ಹೇಳಬಹುದು. ಸುಂಕ, ಜಿಎಸ್‌ಟಿ ದರಗಳು ಬದಲಾಗುತ್ತಿರುತ್ತವೆ. ಪಾರ್ಸೆಲ್ ಹೊರಡುವ ಮೊದಲೇ ಕಸ್ಟಮ್ಸ್ ಏಜೆಂಟರನ್ನು ಕೇಳಿ, ಬಂದು ನಿಂತ ಮೇಲೆ ಕೇಳಿದರೆ ಗೋದಾಮಿನ ಬಾಡಿಗೆಯೂ ಸೇರುತ್ತದೆ. ಬಿಲ್ಲಿನಲ್ಲಿ ಕಲಾವಿದರ ಹೆಸರು, ವರ್ಷ, ವಿಧಾನ, ಕಾಗದ, ಎಡಿಷನ್ ನಂಬರ್, ಕೊಟ್ಟ ನಿಜವಾದ ಬೆಲೆ ಇರಲಿ.

"ಸುಮ್ನೆ ಗಿಫ್ಟ್ ಅಂತ 50 ಡಾಲರ್ ಬರೆದು ಕಳಿಸಿಬಿಡಿ" ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದು ಕಾನೂನಿಗೆ ವಿರುದ್ಧ. ಜತೆಗೆ ದಾರಿಯಲ್ಲಿ ಹಾಳಾದರೆ ವಿಮೆಯವರು ಕೊಡುವುದೂ ಆ 50 ಡಾಲರಿನ ಲೆಕ್ಕಕ್ಕೇ.

ದೊಡ್ಡ ಹಾಳೆಯನ್ನು ಸುರುಳಿ ಸುತ್ತಿ ಕೊಳವೆಯಲ್ಲಿ ಕಳಿಸಲು ಬಿಡಬೇಡಿ. ದಪ್ಪ ಶಾಯಿಯ ಪದರ ಬಿರುಕು ಬಿಡುತ್ತದೆ. 'ಮಿಥ್ಸ್' ಸೆಟ್ಟಿನವಂತೂ ಗಟ್ಟಿ ಬೋರ್ಡಿನ ಮೇಲಿರುವವು, ಸುತ್ತಲು ಬರುವುದೇ ಇಲ್ಲ. ಎರಡು ಗಟ್ಟಿ ಹಲಗೆಯ ನಡುವೆ ಚಪ್ಪಟೆಯಾಗಿ ಬರಲಿ.

ಹಂತ 8: ಫ್ರೇಮು, ಗೋಡೆ, ಕಡತ

ಫ್ರೇಮ್ ಅಂಗಡಿಯಲ್ಲಿ ಮೂರು ಮಾತು ಹೇಳಿ. ಆಮ್ಲರಹಿತ ಮೌಂಟ್ ಬೋರ್ಡ್ ಬೇಕು. ಯುವಿ ತಡೆಯುವ ಗಾಜು ಅಥವಾ ಅಕ್ರಿಲಿಕ್ ಬೇಕು, ಅದು ಶಾಯಿಗೆ ತಾಗದ ಹಾಗೆ ನಡುವೆ ಜಾಗ ಇರಬೇಕು. ಸೆಲ್ಲೋಟೇಪು, ಫೆವಿಕಾಲ್ ಹಾಳೆಗೆ ಮುಟ್ಟಿಸಕೂಡದು. ತೆಳು ಜಪಾನಿ ಕಾಗದದ ಪಟ್ಟಿಯನ್ನು ಗೋಧಿ ಹಿಟ್ಟಿನ ಗಂಜಿಯಿಂದ ಅಂಟಿಸಿ ಹಾಳೆಯನ್ನು ಮೇಲಿನಿಂದ ತೂಗುಬಿಡುವುದು ಸರಿಯಾದ ಕ್ರಮ, ಬೇಕಾದಾಗ ನೀರಿನಿಂದ ಬಿಡಿಸಬಹುದು. "ಸಾರ್, ಅಂಟಿಸಿದ್ರೆ ನೀಟಾಗಿ ಕೂರುತ್ತೆ" ಅಂತ ಅಂಗಡಿಯವರು ಹೇಳಿದರೆ ಹಾಳೆ ವಾಪಸ್ ತೆಗೆದುಕೊಂಡು ಬನ್ನಿ.

ಬಿಸಿಲು ಬೀಳುವ ಗೋಡೆ ಬೇಡ. ಮಂಗಳೂರು, ಉಡುಪಿ, ಕಾರವಾರದವರು ಮಳೆಗಾಲದಲ್ಲಿ ಹೊರಗೋಡೆಗೆ ತೂಗುಹಾಕಬೇಡಿ, ಒಳಗಿನ ಗೋಡೆ ಆರಿಸಿ, ಫ್ರೇಮಿನ ಹಿಂದೆ ಗಾಳಿಯಾಡಲು ಸಣ್ಣ ಬಿರಡೆ ಕೊಡಿ. ಫ್ರೇಮ್ ಹಾಕಿಸದ ಹಾಳೆಗಳನ್ನು ಆಮ್ಲರಹಿತ ಕಾಗದದ ನಡುವೆ ಚಪ್ಪಟೆಯಾಗಿ ಇಡಿ. ಗೆದ್ದಲು ಬರುವ ಮರದ ಬೀರು ಬೇಡ, ಕಬ್ಬಿಣದ ಡ್ರಾಯರ್ ಆಗಬಹುದು.

ಕೊನೆಗೆ ಒಂದೊಂದು ಪ್ರಿಂಟಿಗೂ ಒಂದೊಂದು ಕಡತ. ಬಿಲ್ಲು, ಕಂಡಿಷನ್ ರಿಪೋರ್ಟ್, ಕಸ್ಟಮ್ಸ್ ರಸೀದಿ, ಮುಂದೆ ಹಿಂದೆ ತೆಗೆದ ಫೋಟೋ, ಪಟ್ಟಿಯ ನಂಬರ್. ಫ್ರೇಮ್ ಹಾಕಿಸುವ ಮುಂಚೆಯೇ ಹಿಂಬದಿಯ ಫೋಟೋ ತೆಗೆದುಕೊಳ್ಳಿ. ಮನೆಯವರಿಗೆ ಈ ಕಡತ ಎಲ್ಲಿದೆ ಅಂತ ಹೇಳಿಡಿ, ಇಲ್ಲದಿದ್ದರೆ ಮುಂದೊಂದು ದಿನ ಹಳೇ ಕ್ಯಾಲೆಂಡರ್ ಜತೆ ಅದೂ ಗುಜರಿಗೆ ಹೋಗುತ್ತದೆ.